ಇಂಟರ್ನ್‌ಶಿಪ್ ಮುಗಿಯುವ ದಿನವನ್ನು ಮಕ್ಕಳಿಗೆ ಯಾವಾಗ ಹೇಳಬೇಕು?

ಪ್ರಶ್ನೆ: ನಾನು ಸಮಾಜಕಾರ್ಯ ಪದವಿಯ ವಿದ್ಯಾರ್ಥಿನಿ, ವಯಸ್ಸು 20. 11ರಿಂದ 17 ವರ್ಷದ ಮಕ್ಕಳಿಗೆ ಸಂಜೆ ಹೊತ್ತು ಚಟುವಟಿಕೆ ನಡೆಸುವ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ 10 ವಾರದ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ವಾರಕ್ಕೆ 15 ಗಂಟೆ. ಮೂರು ವಾರ ಮುಗಿದರೂ ಹಾಜರಿ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವುದು ಬಿಟ್ಟು ಬೇರೆ ಕೆಲಸ ಕೊಟ್ಟಿಲ್ಲ. ಇಬ್ಬರು ಹುಡುಗಿಯರು ನನ್ನನ್ನು ಬಹಳ ಹಚ್ಚಿಕೊಂಡಿದ್ದಾರೆ. ಒಬ್ಬಳು ಫೋನ್ ನಂಬರ್ ಕೇಳಿದಳು. ಇನ್ನೊಬ್ಬಳು, "ಅಕ್ಕಾ, ಯಾರಿಗೂ ಹೇಳಬೇಡಿ, ಮನೆಗೆ ಹೋಗೋಕೆ ಭಯ ಆಗುತ್ತೆ" ಎಂದಳು. ನಾನು "ಸರಿ" ಅಂದುಬಿಟ್ಟೆ. ಕೊನೆಗೆ ಕಾಲೇಜಿಗೆ ಅನುಭವ ವರದಿಯನ್ನೂ ಕೊಡಬೇಕು. ಈ ಮೂರು ವಾರದಲ್ಲಿ ಬರೆಯುವಂಥದ್ದು ಏನೂ ಕಾಣುತ್ತಿಲ್ಲ.

ಉತ್ತರ: ಕೆಲಸ ಸಿಗದಿರುವುದು ಮತ್ತು ವರದಿ, ಎರಡೂ ಒಂದು ವಾರ ಕಾಯಬಲ್ಲ ವಿಷಯಗಳು. ಮನೆಗೆ ಹೋಗಲು ಭಯ ಎಂದ ಹುಡುಗಿಯ ಮಾತು ಕಾಯುವಂಥದ್ದಲ್ಲ. ಹಾಗಾಗಿ ಅಲ್ಲಿಂದಲೇ ಶುರು.

ಆ ಮಾತನ್ನು ಇವತ್ತೇ ಸಂಸ್ಥೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ತಿಳಿಸಿ. ಅವಳು ಇನ್ನಷ್ಟು ಹೇಳಲಿ, ಪೂರ್ತಿ ಗೊತ್ತಾಗಲಿ ಎಂದು ಕಾಯಬೇಡಿ. ಭಯ ಯಾಕೆಂದು ಕಂಡುಹಿಡಿಯುವುದು ನಿಮ್ಮ ಕೆಲಸವಲ್ಲ, ಆ ಮಾತನ್ನು ಸರಿಯಾದ ಕಿವಿಗೆ ಮುಟ್ಟಿಸುವುದಷ್ಟೇ ನಿಮ್ಮದು. ಹೊಣೆ ಯಾರದೆಂದು ಗೊತ್ತಿಲ್ಲದಿದ್ದರೆ ಮೇಲ್ವಿಚಾರಕರನ್ನು ನೇರವಾಗಿ ಕೇಳಿ: "ಮಗುವೊಂದು ಅಪಾಯದ ಸುಳಿವು ಕೊಟ್ಟರೆ ನಾನು ಯಾರಿಗೆ ಹೇಳಬೇಕು, ಎಷ್ಟು ಹೊತ್ತಿನೊಳಗೆ?" ಮಕ್ಕಳ ಜೊತೆ ಕೆಲಸ ಮಾಡುವ ಸಂಸ್ಥೆಯಲ್ಲಿ ಇದಕ್ಕೆ ಬರವಣಿಗೆಯಲ್ಲಿ ಉತ್ತರ ಇರಬೇಕು, ಮೊದಲ ದಿನವೇ ನಿಮಗೆ ಓದಿಸಿ ಸಹಿ ಹಾಕಿಸಿರಬೇಕು. ಮೂರು ವಾರವಾದರೂ ನೀವು ಅದನ್ನು ನೋಡಿಲ್ಲವೆಂದರೆ ಅದು ಸಂಸ್ಥೆಯ ಲೋಪ. ಹೇಳಬೇಕಾದ ವ್ಯಕ್ತಿಯ ಮೇಲೇ ಅನುಮಾನವಿದ್ದರೆ ಅವರ ಮೇಲಿನವರಿಗೆ ಹೇಳಿ, ಅಲ್ಲೂ ಆಗದಿದ್ದರೆ ನಿಮ್ಮ ಊರಿನ ಮಕ್ಕಳ ರಕ್ಷಣಾ ವ್ಯವಸ್ಥೆಗೆ ತಿಳಿಸಿ. ಹಲವು ದೇಶಗಳಲ್ಲಿ ಹೀಗೆ ತಿಳಿಸುವುದು ಕಾನೂನಿನ ಕರ್ತವ್ಯವೂ ಹೌದು.

ಹೇಳುವ ಮೊದಲು ಬರೆದಿಟ್ಟುಕೊಳ್ಳಿ. ಅರ್ಧ ಪುಟ ಸಾಕು: ದಿನಾಂಕ, ಹೊತ್ತು, ಎಲ್ಲಿ ನಿಂತು ಹೇಳಿದಳು, ಸುತ್ತ ಯಾರಿದ್ದರು, ನೀವು ಏನು ಅಂದಿರಿ. ಅವಳ ಮಾತನ್ನು ಅವಳು ಆಡಿದ ಹಾಗೆಯೇ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. "ಮನೆಯಲ್ಲಿ ಹಿಂಸೆ ಇರುವಂತೆ ಕಾಣುತ್ತದೆ" ಎಂದು ಬರೆದರೆ ಅದು ನಿಮ್ಮ ಊಹೆ. "ಮನೆಗೆ ಹೋಗೋಕೆ ಭಯ ಆಗುತ್ತೆ" ಎಂಬುದು ಅವಳ ಮಾತು. ಮುಂದೆ ವಿಚಾರಿಸುವವರಿಗೆ ಬೇಕಾಗುವುದು ಎರಡನೆಯದು. ಆ ಹಾಳೆಯನ್ನು ಕೊಟ್ಟುಬಿಡಿ, ಅದರ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಗೆಳತಿಯ ಹತ್ತಿರವೂ, ಕಾಲೇಜಿನ ವಾಟ್ಸಾಪ್ ಗುಂಪಿನಲ್ಲೂ ಹೆಸರು ಬಿಟ್ಟು ಸಹ ಹೇಳಬೇಡಿ.

ಇನ್ನು ನೀವು ಅಂದ "ಸರಿ". ಅದನ್ನು ಹಿಂತೆಗೆದುಕೊಳ್ಳಬೇಕು, ಅದೂ ಅವಳ ಎದುರಿಗೇ. ಬೆನ್ನ ಹಿಂದೆ ಹೇಳಿದ್ದು ಆಮೇಲೆ ಗೊತ್ತಾದರೆ ಅವಳು ಮುಂದೆ ಯಾವ ದೊಡ್ಡವರನ್ನೂ ನಂಬದೇ ಹೋಗಬಹುದು. ಆದರೆ ಅವಳ ಜೊತೆ ಮಾತಾಡುವ ಹೊತ್ತು ಮತ್ತು ಜಾಗವನ್ನು ರಕ್ಷಣಾ ಹೊಣೆಯವರ ಹತ್ತಿರ ಕೇಳಿಯೇ ನಿರ್ಧರಿಸಿ. ಮಾತು ಹೀಗಿರಬಹುದು: "ಯಾರಿಗೂ ಹೇಳಲ್ಲ ಅಂತ ನಾನು ಒಪ್ಪಿಕೊಂಡಿದ್ದು ತಪ್ಪು. ನೀನು ಹೇಳಿದ್ದು ಮುಖ್ಯವಾದ ವಿಷಯ. ಇಂಥವರಿಗೆ ಹೇಳಿದ್ದೀನಿ, ಬೇರೆ ಯಾರಿಗೂ ಹೇಳಿಲ್ಲ." ಅವಳು ಮುನಿಸಿಕೊಳ್ಳಬಹುದು. ಮುನಿಸಿಕೊಳ್ಳಲಿ. ಆಗ ಕೆದಕಿ ಕೇಳಬೇಡಿ. ವಿಶೇಷವಾಗಿ "ಯಾಕೆ" ಮತ್ತು "ಅಪ್ಪ ಹೊಡೀತಾರಾ" ಎಂಬಂಥ ಪ್ರಶ್ನೆ ಬೇಡ. "ಯಾಕೆ" ಎಂದರೆ ತಪ್ಪು ತನ್ನದೇ ಎಂದು ಮಗುವಿಗೆ ಅನ್ನಿಸುತ್ತದೆ, ಎರಡನೆಯದು ಉತ್ತರವನ್ನು ನೀವೇ ಅವಳ ಬಾಯಿಗೆ ಇಟ್ಟಂತೆ. ಮನೆಯವರಿಗೆ ನೀವಾಗಿಯೇ ಫೋನ್ ಮಾಡುವುದಂತೂ ಖಂಡಿತ ಕೂಡದು.

ಫೋನ್ ನಂಬರ್ ಕೊಡಬೇಡಿ. ಇನ್‌ಸ್ಟಾಗ್ರಾಂನಲ್ಲಿ ಕೋರಿಕೆ ಕಳಿಸಿದರೂ ಒಪ್ಪಿಕೊಳ್ಳಬೇಡಿ. "ಸಂಸ್ಥೆಯ ನಿಯಮ, ಯಾರಿಗೂ ಕೊಡೋ ಹಾಗಿಲ್ಲ. ಏನಾದರೂ ಬೇಕಿದ್ದರೆ ಸಂಸ್ಥೆಯ ನಂಬರಿಗೆ ಮಾಡು" ಎಂದರೆ ಸಾಕು. ಇಲ್ಲಿ ನಿಮ್ಮ ವಯಸ್ಸೂ ಒಂದು ತೊಡಕು. ನಿಮಗೆ 20, ಅಲ್ಲಿನ ಹಿರಿಯ ಮಕ್ಕಳಿಗೆ 17. ಮೂರು ವರ್ಷದ ಅಂತರದಲ್ಲಿ ನೀವು ಗೆಳತಿಯೋ ಅಕ್ಕನೋ ಕಾರ್ಯಕರ್ತೆಯೋ ಎಂಬ ಗೆರೆ ಸಲೀಸಾಗಿ ಅಳಿಸಿಹೋಗುತ್ತದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 18 ತುಂಬದವರನ್ನು ಸಾಮಾನ್ಯವಾಗಿ ಮಕ್ಕಳೆಂದೇ ಎಣಿಸುತ್ತದೆ. ನಿಮ್ಮ ನಡವಳಿಕೆಗೂ ಅದೇ ಅಳತೆ ಇರಲಿ: 11ರ ಹುಡುಗನಿಗೆ ಕೊಡದ ನಂಬರನ್ನು 17ರ ಹುಡುಗಿಗೂ ಕೊಡುವುದಿಲ್ಲ. ಒಂದು ಮಗುವಿನ ಜೊತೆ ಮಾತಾಡಬೇಕಾದರೆ ಬಾಗಿಲು ತೆರೆದಿರಲಿ, ಇನ್ನೊಬ್ಬ ದೊಡ್ಡವರ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿರಿ. ಕಿವಿಗೆ ಬೀಳದಿದ್ದರೂ ಕಣ್ಣಿಗೆ ಕಾಣಬೇಕು. ಮಕ್ಕಳನ್ನು ನಿಮ್ಮೊಬ್ಬರ ಮೇಲೇ ಬಿಟ್ಟು ಸಿಬ್ಬಂದಿ ಹೊರಟುಹೋಗುವುದು ಅಲ್ಲಿ ವಾಡಿಕೆಯಾಗಿದ್ದರೆ, "ನನಗೆ ಕಷ್ಟ" ಎಂದು ಸೌಮ್ಯವಾಗಿ ಹೇಳುವ ಬದಲು, "ಇಂಟರ್ನ್ ಒಬ್ಬರೇ ಮಕ್ಕಳ ಜೊತೆ ಇರುವಂತಿಲ್ಲ ಎಂದು ಕಾಲೇಜು ಕೇಳುತ್ತದೆ" ಎಂದು ಕಾಲೇಜಿನ ಸಂಯೋಜಕರ ಮೂಲಕವೇ ಹೇಳಿಸಿ.

ಈಗ ಹಚ್ಚಿಕೊಂಡ ಮಕ್ಕಳ ವಿಷಯ. ಇಂಟರ್ನ್‌ಗಳಲ್ಲಿ ಹೆಚ್ಚಿನವರು ಇದನ್ನು ಯಶಸ್ಸೆಂದೇ ವರದಿಯಲ್ಲಿ ಬರೆಯುತ್ತಾರೆ. ಅದಷ್ಟು ಸರಳವಲ್ಲ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಹಳೆಯ ಸಂಸ್ಥೆಯು ಒಂದು ಮಗುವಿಗೆ ಒಬ್ಬ ವಯಸ್ಕ ಜೊತೆಗಾರರನ್ನು ಗೊತ್ತುಮಾಡುತ್ತದೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಸಂಶೋಧಕರು 2002ರಲ್ಲಿ ಆ ಜೋಡಿಗಳು ಎಷ್ಟು ಕಾಲ ಉಳಿದವು ಎಂಬುದನ್ನು ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದ ಜೋಡಿಗಳ ಮಕ್ಕಳಿಗೆ ಅತಿ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳ ಮಕ್ಕಳಲ್ಲಿ ಸ್ವಗೌರವ, ಓದಿನ ಬಗೆಗಿನ ಆತ್ಮವಿಶ್ವಾಸ ಎರಡೂ ಕುಗ್ಗಿದ್ದವು. ನಿಮ್ಮ ಇಂಟರ್ನ್‌ಶಿಪ್ 10 ವಾರ, ಅಂದರೆ ಮೂರು ತಿಂಗಳಿಗಿಂತ ಕಡಿಮೆ. ನಿಜ, ಅದು ಒಬ್ಬರಿಗೊಬ್ಬರು ಎಂಬ ವ್ಯವಸ್ಥೆ, ನಿಮ್ಮದು ಗುಂಪಿನ ಕೆಲಸ, ನೇರ ಹೋಲಿಕೆ ಸಲ್ಲದು. ಆದರೆ ಇಬ್ಬರು ಹುಡುಗಿಯರು ಗುಂಪು ಬಿಟ್ಟು ನಿಮ್ಮ ಪಕ್ಕವೇ ಕೂರತೊಡಗಿದ್ದರೆ ನಿಮಗೆ ತಿಳಿಯದೆಯೇ ಆ ವ್ಯವಸ್ಥೆ ಹುಟ್ಟಿಕೊಂಡಿದೆ ಎಂದೇ ಅರ್ಥ.

ಹಾಗೆಂದು ಅವರನ್ನು ದೂರ ತಳ್ಳಬೇಕಿಲ್ಲ. ಎರಡು ಕೆಲಸ ಮಾಡಿ. ಒಂದು, ಹೊರಡುವ ದಿನಾಂಕವನ್ನು ಹೇಳಿ. ಮೊದಲ ದಿನವೇ ಹೇಳಬೇಕಿತ್ತು, ಈಗ ನಾಲ್ಕನೇ ವಾರದ ಮೊದಲ ಸಂಜೆಯಲ್ಲೇ ಇಡೀ ಗುಂಪಿಗೆ ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಎಂಟನೇ ವಾರದ ಶುರುವಿನಲ್ಲಿ ಮತ್ತೆ ನೆನಪಿಸಿ, ಒಂಬತ್ತರಲ್ಲಿ ಪ್ರತಿ ಸಂಜೆಯೂ. ಎರಡು, ಅವರ ಒಲವು ಇಲ್ಲೇ ಉಳಿಯುವ ಒಬ್ಬ ಸಿಬ್ಬಂದಿಯ ಕಡೆಗೂ ಹರಿಯುವಂತೆ ಮಾಡಿ. ಆ ಇಬ್ಬರ ಜೊತೆ ನೀವು ಏನೇ ಮಾಡುವುದಿದ್ದರೂ, ಚಿತ್ರ ಬಿಡಿಸುವುದಿರಲಿ, ಪಾಠ ಹೇಳಿಕೊಡುವುದಿರಲಿ, ಆ ಸಿಬ್ಬಂದಿಯನ್ನು ಜೊತೆಗೆ ಕೂರಿಸಿಕೊಳ್ಳಿ. ಐದಾರು ವಾರದಲ್ಲಿ ಮಾತು ತಾನಾಗಿಯೇ ಅತ್ತ ವಾಲುತ್ತದೆ. ಇದು ಸಾಕಷ್ಟು ಹೊಟ್ಟೆ ಉರಿಸುವ ಕೆಲಸ, ಗೊತ್ತಿರಲಿ. ತನ್ನನ್ನು ಮೆಚ್ಚಿದವರನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಯಾರಿಗೂ ಹಿತವೆನಿಸುವುದಿಲ್ಲ.

ಎಂಟು–ಒಂಬತ್ತನೇ ವಾರದಲ್ಲಿ ಹಚ್ಚಿಕೊಂಡವರೇ ಜಗಳ ತೆಗೆಯಬಹುದು, ಬರುವುದನ್ನೇ ನಿಲ್ಲಿಸಬಹುದು, "ನೀವೇನು ಮಹಾ" ಎಂದು ಮುಖಕ್ಕೆ ಹೊಡೆದಂತೆ ಅನ್ನಬಹುದು. ನೀವು ಬಿಟ್ಟುಹೋಗುವ ಮೊದಲು ತಾವೇ ಬಿಟ್ಟುಬಿಡುವ ದಾರಿ ಅದು. ಮನಸ್ಸಿಗೆ ಹಚ್ಚಿಕೊಳ್ಳದೆ, ಕೊನೆಯ ದಿನದ ಲೆಕ್ಕವನ್ನು ಎಂದಿನಂತೆ ಹೇಳುತ್ತಿರಿ. ಬೀಳ್ಕೊಡುಗೆಯನ್ನು ಕೊನೆಯ ಸಂಜೆ ಇಟ್ಟುಕೊಳ್ಳಬೇಡಿ, ಅದರ ಹಿಂದಿನ ಸಂಜೆ ಇಡಿ. ಅವತ್ತು ತಪ್ಪಿಸಿಕೊಂಡವರಿಗೆ ಇನ್ನೊಂದು ದಿನ ಉಳಿದಿರುತ್ತದೆ. ಇಬ್ಬರಿಗಷ್ಟೇ ಉಡುಗೊರೆ ಬೇಡ. "ಮತ್ತೆ ಬಂದು ನೋಡ್ತೀನಿ" ಎಂಬ ಮಾತಂತೂ ಬೇಡವೇ ಬೇಡ. ಬಹುತೇಕ ಇಂಟರ್ನ್‌ಗಳು ಅದನ್ನು ಮನಸಾರೆ ಹೇಳುತ್ತಾರೆ, ಪರೀಕ್ಷೆ ಶುರುವಾದ ಮೇಲೆ ಮರೆಯುತ್ತಾರೆ. ಮಕ್ಕಳು ಮರೆಯುವುದಿಲ್ಲ.

ಕೆಲಸ ಕೊಡದಿರುವ ದೂರಿಗೆ ಬರೋಣ. ಸಣ್ಣ ಸಂಸ್ಥೆಗಳಲ್ಲಿ ಇಂಟರ್ನ್‌ಗೆ ಕೆಲಸ ಹುಡುಕಿಕೊಡುವುದೇ ಮೇಲ್ವಿಚಾರಕರಿಗೆ ಇನ್ನೊಂದು ಕೆಲಸ. ಕಲಿಸಲು ಬಿಡುವಿಲ್ಲದಾಗ, ಕಲಿಸದೆಯೇ ಮಾಡಬಹುದಾದ ಹಾಜರಿ ಪುಸ್ತಕ ಕೈಗೆ ಬರುತ್ತದೆ. "ಏನಾದರೂ ಕೆಲಸ ಕೊಡಿ" ಎಂದು ಕೇಳಿದರೆ ಇನ್ನೊಂದು ಪುಸ್ತಕ ಬಂದೀತು. ಕೇಳುವ ಬದಲು ಒಂದು ಪುಟದ ಯೋಜನೆ ಒಯ್ಯಿರಿ. ನಿಮ್ಮ 150 ಗಂಟೆಯಲ್ಲಿ 45 ಆಯಿತು, 105 ಉಳಿದಿದೆ. ಅದನ್ನು ಹೀಗೆ ಹಂಚಬಹುದು: ವಾರಕ್ಕೊಂದರಂತೆ ಆರು ಚಟುವಟಿಕೆಗಳನ್ನು ನೀವೇ ನಡೆಸುವುದು, ಒಂದಕ್ಕೆ ತಯಾರಿ 3 ಗಂಟೆ, ನಡೆಸಲು 1, ಎತ್ತಿಡುವುದು ಮತ್ತು ಟಿಪ್ಪಣಿಗೆ 1, ಒಟ್ಟು 30 ಗಂಟೆ. ಹಾಜರಿ ದಾಖಲೆ ಸರಿಪಡಿಸಿ ಅದರಿಂದ ಏನು ಕಾಣುತ್ತದೆಂದು ಬರೆದುಕೊಡಲು 20. ಸಿಬ್ಬಂದಿ ನಡೆಸುವ ಚಟುವಟಿಕೆಗಳಿಗೆ ಕೈಜೋಡಿಸಲು 36. ಮೇಲ್ವಿಚಾರಕರ ಜೊತೆ ವಾರಕ್ಕೊಂದು ಗಂಟೆ, 7. ಕೊನೆಯಲ್ಲಿ ಕೆಲಸ ಒಪ್ಪಿಸುವ ಕಡತ ಮತ್ತು ಬೀಳ್ಕೊಡುಗೆಗೆ 12. ಪ್ರತಿ ಸಾಲಿನ ಎದುರು "ನಿಮ್ಮ ಸಮಯ ಎಷ್ಟು ಬೇಕು" ಎಂಬ ಅಂಕಣವಿರಲಿ. ಮೇಲ್ವಿಚಾರಕರು ಮೊದಲು ನೋಡುವುದು ಅದನ್ನೇ.

ಹಾಜರಿ ಪುಸ್ತಕವನ್ನು ಮಾತ್ರ ತಾತ್ಸಾರ ಮಾಡಬೇಡಿ. ಸಂಸ್ಥೆಯಲ್ಲಿರುವ ಕಾಗದಗಳಲ್ಲಿ ಅತಿ ಕಡಿಮೆ ಸುಳ್ಳು ಹೇಳುವುದು ಅದೇ, ಓದಲು ಬಂದರೆ. ಒಂದು ಲೆಕ್ಕ ನೋಡಿ. ತಿಂಗಳಿಗೆ 16 ಸಂಜೆ, ಪುಸ್ತಕದಲ್ಲಿ 40 ಹೆಸರು, ಸರಾಸರಿ ಹಾಜರಿ 22. ಒಟ್ಟು 352 ಹಾಜರಿ. ಈ 22 ಎಂಬುದು ಎರಡು ರೀತಿ ಬರಬಹುದು. ಅದೇ 22 ಮಕ್ಕಳು ದಿನವೂ ಬಂದು, ಉಳಿದ 18 ಮಕ್ಕಳು ಒಮ್ಮೆಯೂ ಬರದೇ ಇರಬಹುದು. ಅಥವಾ 8 ಮಕ್ಕಳು ತಪ್ಪದೆ 16 ಸಂಜೆಯೂ ಬಂದು, ಉಳಿದ 32 ಮಕ್ಕಳು ಸರಾಸರಿ ಏಳೇಳು ಸಂಜೆ ಬಂದಿರಬಹುದು. ಎರಡರ ಮೊತ್ತವೂ 352. ಮೊದಲನೆಯದರಲ್ಲಿ 18 ಮನೆಗಳಿಗೆ ಹೋಗಿ ಏನಾಯಿತೆಂದು ವಿಚಾರಿಸಬೇಕು. ಎರಡನೆಯದರಲ್ಲಿ ಹಿಂದಿನ ಸಂಜೆಯ ಪಾಠವನ್ನು ನಂಬಿ ಮುಂದಿನದನ್ನು ಕಟ್ಟುವಂತಿಲ್ಲ, ಪ್ರತಿ ಚಟುವಟಿಕೆಯೂ ಒಂದೇ ಸಂಜೆಯಲ್ಲಿ ಮುಗಿಯುವಂತಿರಬೇಕು. ಬರೀ ಸರಾಸರಿ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಇನ್ನು ದಾನಿಗಳಿಗೆ ಹೋಗುವ ವರದಿಯಲ್ಲಿ "352 ಮಕ್ಕಳಿಗೆ ಪ್ರಯೋಜನ" ಎಂದು ಬರೆಯುವ ತಪ್ಪು ಬಹಳ ಕಡೆ ಆಗುತ್ತದೆ. ಮಕ್ಕಳು 40ಕ್ಕಿಂತ ಹೆಚ್ಚಿಲ್ಲ, 352 ಎಂಬುದು ಹಾಜರಿಗಳ ಸಂಖ್ಯೆ.

ಏರಿಸುವಾಗ ಎಡವುವ ಜಾಗಗಳು ಗೊತ್ತಿರಲಿ. ಒಂದೇ ಹೆಸರನ್ನು ಇಬ್ಬರು ಸಿಬ್ಬಂದಿ ಎರಡು ರೀತಿ ಬರೆದಿರುತ್ತಾರೆ, ಕಂಪ್ಯೂಟರಿಗೆ ಅದು ಇಬ್ಬರು ಮಕ್ಕಳು. ಪ್ರತಿ ಮಗುವಿಗೊಂದು ಸಂಖ್ಯೆ ಕೊಟ್ಟರೆ ಈ ರಗಳೆ ತಪ್ಪುತ್ತದೆ. ವಯಸ್ಸಿನ ಬದಲು ಹುಟ್ಟಿದ ದಿನಾಂಕ ಬರೆಯಿರಿ, ವಯಸ್ಸು ವರ್ಷಕ್ಕೊಮ್ಮೆ ಹಳತಾಗುತ್ತದೆ. ಖಾಲಿ ಬಿಟ್ಟ ಚೌಕವನ್ನು ಗೈರುಹಾಜರಿ ಎಂದುಕೊಳ್ಳಬೇಡಿ, ಅವತ್ತು ಹಾಜರಿಯನ್ನೇ ತೆಗೆದುಕೊಂಡಿರಲಿಕ್ಕಿಲ್ಲ. ಎರಡಕ್ಕೂ ಬೇರೆ ಗುರುತಿರಲಿ. ಕಡತವನ್ನು ಸಂಸ್ಥೆಯ ಕಂಪ್ಯೂಟರಿನಲ್ಲೇ ಇಡಿ, ಮನೆಗೆ ಒಯ್ಯಬೇಡಿ. ಹಿಂದಿನ ತಿಂಗಳ ಖಾಲಿ ಚೌಕಗಳನ್ನು "ಅಂದಾಜಿಗೆ ತುಂಬಿಬಿಡು" ಎಂದು ಯಾರಾದರೂ ಹೇಳಿದರೆ, "ಆ ದಿನದ ಮೂಲ ಹಾಳೆ ಕೊಡಿ, ನೋಡಿ ತುಂಬುತ್ತೇನೆ" ಎನ್ನಿ. ಹಾಳೆ ಇಲ್ಲವೆಂದರೆ ಚೌಕ ಖಾಲಿಯೇ ಇರಲಿ. ಒತ್ತಾಯ ಬಂದರೆ ಕಾಲೇಜಿಗೆ ತಿಳಿಸಬೇಕಾದ ವಿಷಯ ಅದು.

ನೀವೇ ನಡೆಸುವ ಚಟುವಟಿಕೆಗೆ 11ರವರನ್ನೂ 17ರವರನ್ನೂ ಒಟ್ಟಿಗೆ ಕೂರಿಸಿದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗುತ್ತದೆ. 11–13, 14–17 ಎಂದು ಎರಡು ಮಾಡಿ, ಒಂದನ್ನೇ ಆರಿಸಿಕೊಳ್ಳಿ. 12ರಿಂದ 15 ಮಕ್ಕಳು, ನಾಲ್ಕೈದು ಜನರ ಮೂರು ಗುಂಪು. 60 ನಿಮಿಷದಲ್ಲಿ ಬಂದು ಕೂರಲು 5, ಮೈಚಳಿ ಬಿಡಿಸುವ ಆಟಕ್ಕೆ 10, ಮುಖ್ಯ ಕೆಲಸಕ್ಕೆ 25, ಅದರ ಬಗ್ಗೆ ಮಾತಿಗೆ 15, ಮುಗಿಸಲು 5. ಹೊಸಬರು ಸೋಲುವುದು ಆ 15 ನಿಮಿಷದಲ್ಲಿ. ಮೊದಲ ಆಟ ಚೆನ್ನಾಗಿ ನಡೆದರೆ ಅದನ್ನೇ 20 ನಿಮಿಷ ಎಳೆಯುತ್ತಾರೆ, ಮಾತಿಗೆ ಹೊತ್ತು ಉಳಿಯುವುದಿಲ್ಲ, ಸಂಜೆ ಬರೀ ಆಟವಾಗಿ ಮುಗಿಯುತ್ತದೆ.

ಸೂಚನೆ ಮೊದಲು, ಸಾಮಾನು ಆಮೇಲೆ. ಬಣ್ಣದ ಪೆನ್ನು ಕೈಗೆ ಬಂದ ಮಗು ಸೂಚನೆ ಕೇಳುವುದಿಲ್ಲ, ದೊಡ್ಡವರೂ ಕೇಳುವುದಿಲ್ಲ ಬಿಡಿ. ಒಂದು ಸಲಕ್ಕೆ ಮೂರು ಹಂತಕ್ಕಿಂತ ಹೆಚ್ಚು ಹೇಳಬೇಡಿ. "ಎಲ್ಲರಿಗೂ ಅರ್ಥ ಆಯ್ತಾ?" ಎಂದರೆ "ಆಯ್ತೂ" ಎಂಬ ರಾಗ ಬರುತ್ತದೆ, ಅಷ್ಟೇ. "ಮೊದಲು ಏನು ಮಾಡ್ತೀವಿ, ಹೇಳು" ಎಂದು ಒಬ್ಬರನ್ನು ಕೇಳಿದರೆ ನಿಮ್ಮ ಸೂಚನೆ ಎಲ್ಲಿ ತಪ್ಪಿತೆಂದು ಆಗಲೇ ಗೊತ್ತಾಗುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ, ಎರಡಕ್ಕೇ ನೀವೇ ಉತ್ತರ ಹೇಳಿಬಿಟ್ಟರೆ ಮುಂದಿನ ವಾರ ಯಾರೂ ಬಾಯಿ ತೆರೆಯುವುದಿಲ್ಲ. 16–17ರವರು ಆಟಕ್ಕೆ ಮುಖ ಸಿಂಡರಿಸಿದರೆ ಆಡಿಸುವ ಹೊಣೆಯನ್ನೇ ಅವರಿಗೆ ಕೊಟ್ಟು ನೋಡಿ.

ಮಕ್ಕಳ ಭಾಗವಹಿಸುವಿಕೆಯನ್ನು ಅಳೆಯಲು ರೋಜರ್ ಹಾರ್ಟ್ ಎಂಬ ಸಂಶೋಧಕರು 1992ರಲ್ಲಿ ಎಂಟು ಮೆಟ್ಟಿಲಿನ ಏಣಿಯೊಂದನ್ನು ಮುಂದಿಟ್ಟರು. ಕೆಳಗಿನ ಮೂರು ಮೆಟ್ಟಿಲು, ಅಂದರೆ ಮಕ್ಕಳನ್ನು ದಾಳವಾಗಿ ಬಳಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗಷ್ಟೇ ಕೇಳುವುದು, ಇವು ಭಾಗವಹಿಸುವಿಕೆಯೇ ಅಲ್ಲ ಎನ್ನುತ್ತಾರೆ ಅವರು. ಎಲ್ಲವನ್ನೂ ನೀವೇ ನಿರ್ಧರಿಸಿ ಆಮೇಲೆ "ಏನು ಮಾಡೋಣ ಹೇಳಿ" ಎಂದು ಕೇಳುವುದು ಆ ಮೂರನೇ ಮೆಟ್ಟಿಲು. ಆರರಲ್ಲಿ ಎರಡು ಸಂಜೆಯನ್ನಾದರೂ ಪೂರ್ತಿ ಅವರ ಆಯ್ಕೆಗೆ ಬಿಡಿ, ಅವರು ಆರಿಸಿದ್ದು ನಿಮಗೆ ಬೇಸರ ತಂದರೂ ಅದನ್ನೇ ಮಾಡಿ. ಚಟುವಟಿಕೆಯ ಫೋಟೊ ಬೇಕಾದರೆ ಪೋಷಕರ ಲಿಖಿತ ಒಪ್ಪಿಗೆಯ ಜೊತೆ ಮಗುವಿನ ಒಪ್ಪಿಗೆಯೂ ಇರಬೇಕು. ಸಂಸ್ಥೆಯ ಕ್ಯಾಮೆರಾದಲ್ಲೇ ತೆಗೆಯಿರಿ, ನಿಮ್ಮ ಸ್ಟೇಟಸ್‌ಗೆ ಅದು ಹೋಗುವಂತಿಲ್ಲ.

ವರದಿಗೆ ವಿಷಯವಿಲ್ಲ ಎಂದಿರಿ. ಇಷ್ಟು ಹೊತ್ತಿಗೆ ಅದು ನಿಜವಲ್ಲವೆಂದು ಕಂಡಿರಬೇಕು. ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದ ಕಲಿಕೆಯ ಚಕ್ರ ಇದಕ್ಕೆ ಒಳ್ಳೆಯ ಅಚ್ಚು: ಅನುಭವ, ಅದನ್ನು ಹಿಂದಿರುಗಿ ನೋಡುವುದು, ಅದರಿಂದ ಒಂದು ತಿಳಿವು, ಆ ತಿಳಿವಿನ ಮೇಲೆ ಹೊಸ ಪ್ರಯತ್ನ. ಪ್ರತಿ ಸಂಜೆ ಹೊರಡುವ ಮೊದಲು ಹತ್ತು ನಿಮಿಷ, ನಾಲ್ಕೇ ಸಾಲು: ಏನಾಯಿತು, ನಾನು ಏನು ನಿರೀಕ್ಷಿಸಿದ್ದೆ, ವ್ಯತ್ಯಾಸ ಯಾಕೆ ಬಂತು, ನಾಳೆ ಏನು ಬದಲಿಸುತ್ತೇನೆ. ಮರುದಿನ ಬರೆದರೆ ಎರಡನೇ ಸಾಲು ಬದಲಾಗಿಬಿಡುತ್ತದೆ, ಆದದ್ದನ್ನೇ ನಿರೀಕ್ಷಿಸಿದ್ದೆ ಎಂದು ಮನಸ್ಸು ನಂಬಿಸುತ್ತದೆ. ವಾರದ ಒಂದು ಗಂಟೆಯ ಭೇಟಿಗೂ ಈ ಟಿಪ್ಪಣಿಯನ್ನೇ ಒಯ್ಯಿರಿ.

"ಬಹಳಷ್ಟು ಕಲಿತೆ", "ಮಕ್ಕಳ ಮುಖದಲ್ಲಿ ನಗು ಕಂಡೆ" ಎಂಬ ವಾಕ್ಯಗಳನ್ನು ಮೌಲ್ಯಮಾಪಕರು ವರ್ಷವೂ ಓದುತ್ತಾರೆ. ಅದರ ಬದಲು ಸೋತ ಒಂದು ಸಂಜೆಯನ್ನು ಎರಡು ಪುಟದಲ್ಲಿ ಬಿಡಿಸಿ ಬರೆಯಿರಿ: ಎಷ್ಟು ಮಕ್ಕಳಿದ್ದರು, ಎಷ್ಟನೇ ನಿಮಿಷದಲ್ಲಿ ಕೈತಪ್ಪಿತು, ಯಾವ ಸೂಚನೆಯಿಂದ, ಮುಂದಿನ ವಾರ ಏನು ಬದಲಿಸಿದಿರಿ, ಆಗ ಏನಾಯಿತು. ಮಾಡಿದ್ದಕ್ಕೂ ಅದರಿಂದ ಆದ ಬದಲಾವಣೆಗೂ ನಡುವೆ ಗೆರೆ ಎಳೆಯಿರಿ. "ಆರು ಚಟುವಟಿಕೆ ನಡೆಸಿದೆ, 14 ಮಕ್ಕಳಲ್ಲಿ 9 ಮಂದಿ ನಾಲ್ಕಕ್ಕಿಂತ ಹೆಚ್ಚು ಸಲ ಬಂದರು" ಎಂಬಂಥ ವಾಕ್ಯವನ್ನು ಹಾಜರಿ ನೋಡಿ ಪರೀಕ್ಷಿಸಬಹುದು. "ಮಕ್ಕಳ ಆತ್ಮವಿಶ್ವಾಸ ಹೆಚ್ಚಿತು" ಎಂಬುದನ್ನು ಆರು ವಾರದಲ್ಲಿ ಯಾರೂ ಅಳೆಯಲಾರರು. ಕೊನೆಯ ದಿನ ನಗುಮುಖದ ಚಿತ್ರಕ್ಕೆ ಗುರುತು ಹಾಕಿಸುವ ಹಾಳೆ ಪುರಾವೆಯಾಗುವುದಿಲ್ಲ, ಹೊರಟುಹೋಗುವ ಅಕ್ಕನಿಗೆ ಎಲ್ಲರೂ ನಗುಮುಖವನ್ನೇ ಕೊಡುತ್ತಾರೆ.

ಮಕ್ಕಳ ಹೆಸರು ಬದಲಿಸಿದರೆ ಸಾಲದು. ವಯಸ್ಸು, ಬೀದಿ, ಅಪ್ಪನ ಉದ್ಯೋಗ ಮೂರೂ ಸೇರಿದರೆ ಹೆಸರಿಲ್ಲದೆಯೇ ಮಗುವನ್ನು ಗುರುತಿಸಬಹುದು. ಒಂದಾದರೂ ವಿವರ ಬಿಡಿ. ಭಯವೆಂದ ಹುಡುಗಿಯ ವಿಷಯವಂತೂ ವರದಿಯಲ್ಲಿ ಬರಲೇಬಾರದು. ಸಂಸ್ಥೆಯ ರಕ್ಷಣಾ ಕ್ರಮ ಹೇಗೆ ನಡೆಯುತ್ತದೆಂದು ನೀವು ಕಲಿತದ್ದನ್ನು ಬರೆಯಿರಿ, ಅದನ್ನು ಕಲಿಸಿದ ಪ್ರಸಂಗವನ್ನಲ್ಲ. ಕಾಲೇಜಿಗೆ ಕೊಡುವ ಮೊದಲು ಮೇಲ್ವಿಚಾರಕರಿಗೆ ಒಮ್ಮೆ ಓದಲು ಕೊಡಿ, ನಿಮ್ಮ ಕಣ್ಣಿಗೆ ಬೀಳದ ಗುರುತು ಅವರಿಗೆ ಕಾಣುತ್ತದೆ.

ಕೆಲಸ ಒಪ್ಪಿಸುವ ಕಡತ ನಾಲ್ಕು ಪುಟ ಮೀರದಿರಲಿ: ಆರು ಚಟುವಟಿಕೆಗಳ ಹಂತಗಳು, ಬೇಕಾದ ಸಾಮಾನಿನ ಪಟ್ಟಿ, ಯಾವುದು ನಡೆಯಿತು ಯಾವುದು ನಡೆಯಲಿಲ್ಲ, ಹಾಜರಿ ಕಡತ ಎಲ್ಲಿದೆ, ಅದರಲ್ಲಿ ಯಾವ ಗುರುತಿಗೆ ಏನರ್ಥ, ಮಕ್ಕಳಿಗೆ ನೀವು ಹೇಳಿ ಇನ್ನೂ ನೆರವೇರಿಸದ ಮಾತು ಯಾವುದು. ಹತ್ತನೇ ವಾರದ ಮೊದಲ ದಿನವೇ ಅದನ್ನು ಕೊಟ್ಟುಬಿಡಿ. ಓದಿದ ಸಿಬ್ಬಂದಿಗೆ ಪ್ರಶ್ನೆ ಹುಟ್ಟಿದಾಗ ನೀವಿನ್ನೂ ಅಲ್ಲೇ ಇರುತ್ತೀರಿ.